ಸೇಬಿನ ಪೆಟ್ಟಿಗೆಯ ಸೂಜಿ ಎಲೆ

"ಉದ್ದ ಎಷ್ಟಂತ ಬರಕೊಳ್ಳಲಿ?" ಎಂದು ಜಮಾದಾರ ಬಕ್ಕಪ್ಪ ಕೇಳಿದ.

ಠಾಣೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಅದರ ಮೇಲೆ ಒಂದು ಹಿಡಿ ಎಲೆ ಸುರಿದಿದ್ದರು. ತಿಳಿಯದವರು ಅದನ್ನು ಎಲೆ ಎನ್ನುತ್ತಿರಲಿಲ್ಲ. ಪೊರಕೆಯಿಂದ ಉದುರಿದ ಕಡ್ಡಿ ಎನ್ನುತ್ತಿದ್ದರು. ಸತೀಶಕುಮಾರ ಅಂಗಿಯ ಜೇಬಿನಿಂದ ಹದಿನೈದು ಸೆಂಟಿಮೀಟರಿನ ಸ್ಕೇಲು ತೆಗೆದು, ಒಂದು ಸೂಜಿಯನ್ನು ಎರಡು ಸಲಕ್ಕೆ ಅಳೆದ. ಒಂದರಿಂದ ತೃಪ್ತಿಯಾಗದೆ ಇನ್ನೂ ನಾಲ್ಕನ್ನು ಆರಿಸಿ ಅಳೆದ. ಅಳೆದವನ್ನು ಬೇರೆಯಾಗಿ, ತುದಿಗಳು ಒಂದೇ ಕಡೆ ಬರುವಂತೆ ಜೋಡಿಸಿಟ್ಟ.

"ಇಪ್ಪತ್ತೆರಡು ಸೆಂಟಿಮೀಟರ್ ರಿ. ಸರಾಸರಿ."

"ಗಿಡದ ಹೆಸರು?"

"ಪೈನ್. ಮಂದಿ ದೇವದಾರು ಅಂತಾರ, ಅದು ತಪ್ಪದ. ದೇವದಾರು ಬ್ಯಾರೆ ಗಿಡ. ಇದರಾಗ ಒಂದು ಬುಡಕ್ಕ ಮೂರು ಸೂಜಿ ಇರ್ತಾವ, ಎಣಿಸಿ ನೋಡ್ರಿ."

"ಅವ್ವನ ಮಣ್ಣು ಮಾಡಿ ಮೂರು ದಿನ ಆಗ್ಯಾದ," ಎಂದು ಅಣ್ಣ ಓಂಪ್ರಕಾಶ ಬೆಂಚಿನ ಮೇಲಿಂದ ತಲೆ ಎತ್ತದೆ ಹೇಳಿದ. "ಇನ್ನೂ ಪಾಠ ಹೇಳಾಕತ್ತಿ."

ಸತೀಶಕುಮಾರ ಸ್ಕೇಲನ್ನು ಜೇಬಿಗೆ ಹಾಕಿಕೊಂಡ. ಬಾಗಿಲಿನ ಆಚೆ, ಪಡಸಾಲೆಯ ನೆಲದ ಮೇಲೆ, ಸೈಫುದ್ದೀನ್ ಗೋಡೆಗೆ ಒರಗದೆ ಕುಳಿತಿದ್ದ. ಹುಮನಾಬಾದಿನ ಬಸ್ ನಿಲ್ದಾಣದ ಎದುರು ಹಣ್ಣಿನ ಗಾಡಿ ಇಟ್ಟುಕೊಂಡವನು. ಓಂಪ್ರಕಾಶ ಕೊಟ್ಟ ದೂರಿನ ಮೇಲೆ ನಿನ್ನೆ ಸಂಜೆ ಅವನನ್ನು ಬಸವಕಲ್ಯಾಣಕ್ಕೆ ಕರೆತಂದಿದ್ದರು. ವಿಷ ಬೆರೆತ ಎಲೆಯನ್ನು ಚಹಾಕ್ಕೆಂದು ಕೊಟ್ಟು ತಾಯಿ ದ್ರೌಪತಿಯ ಸಾವಿಗೆ ಕಾರಣನಾದ ಎಂಬುದು ದೂರು. ಅರವತ್ತರ ಹತ್ತಿರದ ಮನುಷ್ಯ ತನ್ನ ಟೋಪಿಯನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು, ಅದರ ಅಂಚನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದ.

ಬಕ್ಕಪ್ಪ ಪೆನ್ನನ್ನು ಕೆಳಗಿಟ್ಟ. "ನೋಡ್ರಿ, ನೀವ ಸೈನ್ಸ್ ಓದೀರಿ. ಎಲಿ ಎಲ್ಲಿಂದ ಬಂತು, ಯಾರ ಕೊಟ್ರು, ಏನಂತ ಹೇಳಿ ಕೊಟ್ರು, ನಿಮ್ಮ ತಾಯಿ ಹ್ಯಾಂಗ ಕುಡಿದ್ರು, ಎಲ್ಲಾ ನೀವೇ ಬರೀರಿ. ನನ್ನ ಅಕ್ಷರ ನಾಕ ದಿನ ಆದ್ರ ನನಗೇ ತಿಳಿಯಂಗಿಲ್ಲ. ನಡುವ ಕಾರ್ಬನ್ ಇಡ್ರಿ. ಒಂದು ಪ್ರತಿ ನಿಮಗ, ಒಂದು ನಮಗ." ಅಷ್ಟು ಹೇಳಿ ಅವನು ಚಹಾ ಕುಡಿಯಲು ಎದುರಿನ ಹೋಟೆಲಿಗೆ ಹೋದ.

ಅವನ ಬೂಟಿನ ಸದ್ದು ದೂರವಾದ ಮೇಲೆ ಸೈಫುದ್ದೀನ್ ಒಳಗಿನ ಕಡೆ ನೋಡಿದ.

"ಮಾಸ್ತರ್," ಎಂದ. "ತೊಳದು ಕುಡೀರಿ ಅಂತ ಹೇಳಿದ್ದೆ. ಅದೊಂದು ಬರೀರಿ. ಬಾಕಿ ನಿಮ್ಮ ಮರ್ಜಿ."

"ನೀ ಬಾಯಿ ಮುಚ್ಚು," ಎಂದ ಓಂಪ್ರಕಾಶ.

ಸತೀಶಕುಮಾರ ಬಿ.ಎಸ್ಸಿ. ಮುಗಿಸಿ ಒಂದು ವರ್ಷವಾಗಿತ್ತು. ಹುಮನಾಬಾದಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ತಾತ್ಕಾಲಿಕ ಸಹಾಯಕನಾಗಿದ್ದ. ಬೆಳಿಗ್ಗೆ ಏಳೂ ನಲವತ್ತರ ಬಸ್ಸಿಗೆ ಬಸವಕಲ್ಯಾಣ ಬಿಟ್ಟು, ಸಸ್ತಾಪುರ ಬಂಗ್ಲಾ ದಾಟಿ, ಹೆದ್ದಾರಿ ಹಿಡಿದು ಹೋದರೆ, ಸಂಜೆ ಐದೂವರೆಗೆ ಅದೇ ದಾರಿಯಲ್ಲಿ ಮರಳುತ್ತಿದ್ದ. ಅಕ್ಟೋಬರಿನ ಕೊನೆಯಲ್ಲಿ ಒಂದು ಸಂಜೆ, ಬಸ್ಸಿಗೆ ಕಾಯುತ್ತ ನಿಂತಾಗ, ಸೈಫುದ್ದೀನ್ ಕಬ್ಬಿಣದ ಪಟ್ಟಿಯಿಂದ ಸೇಬಿನ ಮರದ ಪೆಟ್ಟಿಗೆಯ ಮುಚ್ಚಳ ಎಬ್ಬಿಸುವುದನ್ನು ಕಂಡಿದ್ದ. ಮೊಳೆ ಕಿತ್ತು ಬಂದ ಕೂಡಲೇ ಒಂದು ವಾಸನೆ ಎದ್ದಿತು. ಧೂಳು, ಡೀಸೆಲ್, ಕರಿದ ಮಿರ್ಚಿಯ ನಡುವೆ ಅದು ಎಲ್ಲಿಗೂ ಸೇರದ ವಾಸನೆ. ಪ್ರಯೋಗಾಲಯದ ಟರ್ಪೆಂಟೈನ್ ಬಾಟಲಿಯ ನೆನಪಾಯಿತು ಅವನಿಗೆ.

"ಚಾಚಾ, ಇದೇನು ಹುಲ್ಲು?"

"ಹುಲ್ಲಲ್ಲ ಮಾಸ್ತರ್, ಪಹಾಡದ ಗಿಡದ ಎಲಿ. ಸೇಬು ಜಜ್ಜಬಾರದಂತ ಹಾಕಿ ಕಳಸ್ತಾರ. ಸಿಮ್ಲಾ ನಾನೂ ನೋಡಿಲ್ಲ, ನೀವೂ ನೋಡಿಲ್ಲ. ಈ ಕಸ ನೋಡ್ರಿ, ಅಲ್ಲಿಂದ ಇಲ್ಲಿತನಕ ಬಿನಾ ಟಿಕೀಟ ಬಂದದ!"

ಸತೀಶಕುಮಾರ ಒಂದು ಗೊಂಚಲನ್ನು ಬೆಳಕಿಗೆ ಹಿಡಿದು ಸೂಜಿಗಳನ್ನು ಎಣಿಸಿದ. ಮೂರು. ಇನ್ನೊಂದರಲ್ಲೂ ಮೂರು. ಹಿಂದಿನ ವಾರವಷ್ಟೇ ಕಾಲೇಜಿನ ಗ್ರಂಥಾಲಯದ ಒಂದು ಪುಸ್ತಕದಲ್ಲಿ ಓದಿದ್ದ: ತಿಂಗಳುಗಟ್ಟಲೆ ಹಡಗಿನಲ್ಲಿದ್ದು ವಸಡಿನಿಂದ ರಕ್ತ ಸುರಿಯುತ್ತಿದ್ದ ನಾವಿಕರು ಇಂಥ ಸೂಜಿ ಎಲೆಯ ಕಷಾಯ ಕುಡಿದು ಬದುಕಿಕೊಂಡಿದ್ದರು. ಅವನ ತಾಯಿಯ ವಸಡಿನಿಂದಲೂ ಎರಡು ತಿಂಗಳಿನಿಂದ ರಕ್ತ ಬರುತ್ತಿತ್ತು. ನಿಂಬೆಹಣ್ಣು ಬಾಯಿಗೆ ತಾಗಿದರೆ ಉರಿಯೆಂದು ಆಕೆ ಮುಖ ತಿರುಗಿಸುತ್ತಿದ್ದಳು. ಡಾಕ್ಟರು ಕೊಟ್ಟ ಗುಳಿಗೆ ಉಷ್ಣವೆಂದು ಅಕ್ಕಿಯ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಳು.

"ಇದನ್ನ ಏನ್ ಮಾಡ್ತೀರಿ ಚಾಚಾ?"

"ಮುನ್ನಿ ಬೀ ತಲದಿಂಬು ತುಂಬ್ತಾಳ, ಒಲಿ ಹಚ್ತಾಳ. ಸಂಜಿಕ್ಕ ಇದರ ಹೊಗಿ ಹಾಕಿದ್ರ ಹುಮನಾಬಾದದ ಸೊಳ್ಳಿ ಎಲ್ಲಾ ನಿಮ್ಮ ಬಸವಕಲ್ಯಾಣಕ್ಕ ಓಡ್ತಾವ."

"ಇದರದ್ದು ಚಹಾ ಮಾಡ್ತಾರ. ಗೊತ್ತದೇನು?"

ಸೈಫುದ್ದೀನ್ ಕಬ್ಬಿಣದ ಪಟ್ಟಿಯನ್ನು ಕೆಳಗಿಟ್ಟು ನಕ್ಕಿದ್ದ. "ತೋಬಾ! ಓದಿದೋರ ಹಾಲತ್ ಹಿಂಗ ಆಗ್ಯಾದಂದ್ರ, ನಮ್ಮಂಥೋರು ಓದದೇ ಇದ್ದದ್ದೇ ಛಲೋ."

ಆದರೂ ಮರುದಿನ ಅವನು ಸತೀಶಕುಮಾರನನ್ನು ನಿಲ್ದಾಣದ ಹಿಂದಿನ ಓಣಿಯ ತನ್ನ ಮನೆಗೆ ಕರೆದೊಯ್ದ. ಅಂಗಳದ ಹೊರಸಿನ ಮಂಚದ ಮೇಲೆ ತೊಳೆದ ಸೂಜಿಗಳನ್ನು ಒಣಹಾಕಿದ್ದರು. ಹೆಂಡತಿ ಮುನ್ನಿ ಬೀ ಅವನ್ನು ಕೈಯಿಂದ ಹೊರಳಿಸುತ್ತಿದ್ದಳು. ಅವನ್ನೇ ಒಯ್ಯಿರಿ ಎಂದಳು. ಸತೀಶಕುಮಾರ ಒಂದು ಸೂಜಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಇದರ ಸಾರವೆಲ್ಲ ಹೋಗಿದೆ, ತೊಳೆಯದ್ದು ಬೇಕು ಎಂದ. ಆಕೆ ಗಂಡನ ಮುಖ ನೋಡಿದಳು.

"ಮಾಸ್ತರ್, ಒಂದು ಮಾತು," ಎಂದ ಸೈಫುದ್ದೀನ್, ಮೂಲೆಯ ಗೋಣಿಚೀಲದ ಬಾಯಿ ಬಿಗಿಯುತ್ತ. "ಗೋದಾಮದಾಗ ಗೆದ್ದಲಿಗಿ ಪೌಡರ್ ಹೊಡೀತಾರ. ದಿಂಬಿಗಿ ಹಾಕಾಕೂ ನಮ್ಮಾಕಿ ಮೂರು ನೀರಿನಾಗ ತೊಳೀತಾಳ. ಕುಡಿಯೋದಂದ್ರ ಖೂಬ್ ತೊಳೀರಿ."

ಸತೀಶಕುಮಾರ ಹೂಂ ಎಂದಿದ್ದ. ಮನೆಗೆ ಬಂದು ಚೀಲದ ಬಾಯಿ ಬಿಚ್ಚಿ, ಮೇಲಿನಿಂದ ಒಂದು ಹಿಡಿ ತೆಗೆದು, ಬಿಳಿಯ ಕಾಗದದ ಮೇಲೆ ಕೊಡವಿ, ಭೂತಗನ್ನಡಿಯಲ್ಲಿ ಪರೀಕ್ಷಿಸಿದ್ದ. ಕಾಗದದ ಮೇಲೆ ಪುಡಿ ಬೀಳಲಿಲ್ಲ. ಎರಡು ಸಲ ನೋಡಿದ. ಎಲೆ ಸ್ವಚ್ಛವಾಗಿದೆ ಎಂದು ತೀರ್ಮಾನಿಸಿದ.

ಅವ್ವನಿಗೆ ವಿಧಾನ ಹೇಳಿಕೊಟ್ಟವನು ಅವನೇ. ಹಸಿರು ಉಳಿದಿರುವ ಸೂಜಿಗಳನ್ನಷ್ಟೇ ಆರಿಸಬೇಕು. ಕತ್ತರಿಯಿಂದ ಬೆರಳಿನ ಗೆಣ್ಣಿನಷ್ಟು ಕತ್ತರಿಸಬೇಕು. ನೀರು ಕುದಿ ಬಂದ ಮೇಲೆ ಒಲೆಯಿಂದ ಇಳಿಸಿ, ಎಲೆ ಹಾಕಿ, ತಟ್ಟೆ ಮುಚ್ಚಿ, ಹತ್ತು ನಿಮಿಷ ಬಿಡಬೇಕು. ದ್ರೌಪತಿ ಒಲೆಯ ಮುಂದೆ ಕುಳಿತು ಕೇಳುತ್ತಿದ್ದಳು.

"ಇವತ್ತ ಸೂಜಿ ಕುದಿಸಂತಿ, ನಾಳಿ ದಬ್ಬಣ ಕುದಿಸಂತಿ," ಎಂದಿದ್ದಳು ಆಕೆ. "ಮೊದಲ ಇದನ್ನ ತೊಳೀತೀನಿ ತಾಳು, ಯಾರ್ಯಾರ ಕೈ ಹತ್ಯಾವೋ ಏನೋ."

"ತೊಳೀಬ್ಯಾಡವ್ವಾ. ತೊಳದ್ರ ಸತ್ವ ಎಲ್ಲಾ ನೀರಿನಾಗ ಹೋಗ್ತದ. ನಾ ನೋಡೀನಿ, ಸ್ವಚ್ಛ ಅದ."

"ನೀ ನೋಡಿದ್ದಿ ಅಂದ್ರ ಆಯ್ತು ಬಿಡು," ಎಂದಳು ಅವ್ವ.

ಮೂರು ವಾರ ಆಕೆ ಕುಡಿದಳು. ಎರಡನೆಯ ವಾರದ ಕೊನೆಗೆ ಉಗುಳಿನಲ್ಲಿ ಕೆಂಪು ಕಾಣುವುದು ನಿಂತಿತು. ಆಮೇಲೆ ಆ ಚೀಲಕ್ಕೆ ಮನೆಯಲ್ಲಿ ಬೇರೆ ಬೇರೆ ಕೆಲಸ ಸಿಕ್ಕವು. ರೇಷ್ಮೆ ಸೀರೆಯ ಟ್ರಂಕಿನಲ್ಲಿ ಎರಡು ಹಿಡಿ ಹೋಯಿತು. ತಳ ಹಿಡಿದ ಪಾತ್ರೆ ಉಜ್ಜಲು ಒಂದು ಕಟ್ಟು ಹೋಯಿತು. ಸಂಜೆ ದೀಪ ಹಚ್ಚಿದ ಮೇಲೆ ಹಂಚಿನ ಕೆಂಡಕ್ಕೆ ನಾಲ್ಕು ಸೂಜಿ ಹಾಕಿ, ಹೊಗೆಯನ್ನು ಸೆರಗಿನಿಂದ ಕೋಣೆ ಕೋಣೆಗೆ ಬೀಸುತ್ತ ಆಕೆ ಓಡಾಡುತ್ತಿದ್ದಳು. "ನನ್ನ ಮಗ ಪಹಾಡದ ಔಷಧ ತಂದಾನ," ಎಂದು ಓಣಿಯವರಿಗೆ ಹೇಳಿಕೊಳ್ಳುತ್ತಿದ್ದಳು. ಚೀಲ ಬರಿದಾಗುತ್ತ ಬಂತು. ಲಾರಿಯಲ್ಲಿ, ಬಸ್ಸಿನ ಮೇಲೆ ಅಲುಗಾಡಿ ಅಲುಗಾಡಿ, ಎಲೆಗೆ ಅಂಟಿದ್ದುದೆಲ್ಲ ಅದರ ತಳಕ್ಕೆ ಇಳಿದಿತ್ತು.

ಮಂಗಳವಾರ ಬೆಳಿಗ್ಗೆ ಆಕೆ ತಳಕ್ಕೆ ಕೈ ಹಾಕಿದಳು. ಎಂದಿನಂತೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಕುಡಿದಳು. ಸತೀಶಕುಮಾರ ಆಗ ಬಸ್ಸಿನಲ್ಲಿದ್ದ. ಓಂಪ್ರಕಾಶನ ಬಟ್ಟೆ ಅಂಗಡಿಯಿಂದ ಕಾಲೇಜಿಗೆ ಫೋನು ಬಂದು, ಅವನು ಮರಳಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಹನ್ನೊಂದಾಗಿತ್ತು. ನಾಲ್ಕು ಜನ ಹಿಡಿದರೂ ಆಕೆಯ ಕೈಕಾಲು ಮಂಚದಿಂದ ಎತ್ತೆತ್ತಿ ಬೀಳುತ್ತಿದ್ದವು. ಹಲ್ಲು ಕಚ್ಚಿಕೊಂಡಿದ್ದವು. ವಾಸಿಯಾಗಿದ್ದ ವಸಡಿನಿಂದ ಮತ್ತೆ ರಕ್ತ ಬಂದಿತ್ತು. ಎರಡು ಗಂಟೆಗೆ ಎಲ್ಲ ನಿಂತಿತು.

ಲೋಟದ ತಳದ ಗಸಿಯನ್ನು ಮೂಸಿ ನೋಡಿದ ಡಾಕ್ಟರು, "ಎಲಿದು ತಪ್ಪಿಲ್ಲ, ಎಲಿ ಮ್ಯಾಲ ಇದ್ದದ್ದರ ತಪ್ಪು. ಇದು ಗೆದ್ದಲಿಗಿ ಹೊಡಿಯೋ ಗ್ಯಾಮಕ್ಸಿನ್ ವಾಸನಿ," ಎಂದರು. "ತೊಳೀಲಿಲ್ಲೇನು ಯಾರೂ?"



ಠಾಣೆಯ ಮೇಜಿನ ಮುಂದೆ ಸತೀಶಕುಮಾರ ಎರಡು ಹಾಳೆಗಳ ನಡುವೆ ಕಾರ್ಬನ್ ಇಟ್ಟು, ಮೂಲೆಗಳನ್ನು ಸರಿಹೊಂದಿಸಿ, ಮೇಲೆ ದಿನಾಂಕ ಬರೆದ: ೨೩-೧೧-೧೯೯೬. ವಾಕ್ಯಕ್ಕೆ ಒಂದರಂತೆ ಸಂಖ್ಯೆ ಕೊಡುತ್ತ ಹೋದ. ಪ್ರಯೋಗದ ವರದಿ ಬರೆಯುವ ಕೈ ಅದು. ಎಲ್ಲಿಯೂ ತಡೆಯಲಿಲ್ಲ, ತಿದ್ದಲಿಲ್ಲ. ಆರನೆಯದಾಗಿ, ತೊಳೆದ ಎಲೆ ಸಿದ್ಧವಿದ್ದರೂ ತೊಳೆಯದ್ದನ್ನು ಕೇಳಿ ತಂದವನು ನಾನು ಎಂದು ಬರೆದ. ಏಳನೆಯದಾಗಿ, ಎಲೆಯ ಮೇಲೆ ಕೀಟನಾಶಕ ಇರುವುದಾಗಿಯೂ ಚೆನ್ನಾಗಿ ತೊಳೆಯಬೇಕೆಂದೂ ಸೈಫುದ್ದೀನ್ ನನಗೆ ತಿಳಿಸಿದ್ದನು. ಎಂಟನೆಯದಾಗಿ, ತಾಯಿ ತೊಳೆಯಲು ಹೋದಾಗ ತೊಳೆಯಬಾರದೆಂದು ಹೇಳಿದವನು ನಾನು. ಹನ್ನೊಂದನೆಯ ವಾಕ್ಯಕ್ಕೆ ಮುಗಿಯಿತು. ಪೆನ್ನಿಗೆ ಮುಚ್ಚಳ ಹಾಕಿ ಹಾಳೆಯನ್ನು ಅಣ್ಣನ ಕಡೆ ಸರಿಸಿದ.

ಓಂಪ್ರಕಾಶ ತುಟಿ ಅಲುಗಿಸುತ್ತ ಓದಿದ. ಒಂದು ಕಡೆ ತುಟಿ ನಿಂತಿತು. ಮತ್ತೆ ಮೇಲಿನಿಂದ ಓದಿದ. ಆಮೇಲೆ ಅವನು ತಮ್ಮನ ಮುಖವನ್ನಲ್ಲ, ಕೈಗಳನ್ನು ನೋಡಿದ.

"ಅವ ಹೇಳಿದ್ದು ಅವ್ವಗ ಗೊತ್ತಿತ್ತೇನು?" ಎಂದು ತಗ್ಗಿದ ದನಿಯಲ್ಲಿ ಕೇಳಿದ.

"ಇಲ್ಲ."

"ಆಕಿ ತೊಳೀತೀನಿ ಅಂದಿದ್ಳು?"

"ಅಂದಿದ್ಳು."

ಓಂಪ್ರಕಾಶ ಮೇಲಿನ ಹಾಳೆ, ಕಾರ್ಬನ್, ಕೆಳಗಿನ ಹಾಳೆ ಮೂರನ್ನೂ ಒಟ್ಟಿಗೆ ಎತ್ತಿದ. ಕಾರ್ಬನ್ನನ್ನು ಬಿಡಿಸಿ ಮೇಜಿನ ಮೇಲಿಟ್ಟ. ಹಾಳೆಗಳನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಹಾಕಿಕೊಂಡ.

"ಇನ್ನೊಂದು ಬರಿ."

"ಅಣ್ಣಾ—"

"ನಿನ್ನ ಸರಕಾರಿ ಮಾಸ್ತರಿಕಿ ಆರ್ಡರ್ ಮುಂದಿನ ತಿಂಗಳ ಬರೋದದ. ಪೊಲೀಸರ ಕಡಿಂದ ತಪಾಸಣಿ ಆಗ್ತದ. ನಿನ್ನ ಹೆಸರು ಇಂಥಾ ಕಾಗದದಾಗ ಹೋದ್ರ ಮುಗೀತು." ಅವನು ಬಾಗಿಲಿನ ಕಡೆ ನೋಡಿ ದನಿ ಇನ್ನೂ ತಗ್ಗಿಸಿದ. "ಅದು ಹಾಳಾಗಿ ಹೋಗ್ಲಿ. ನಾಳಿ ಮಂದಿ ಏನಂತಾರ? ಮಗ ಓದಿ ಓದಿ ಅವ್ವನ್ನ ಕೊಂದ ಅಂತಾರ. ಕೇಳಾಕ ನನ್ನ ಕಡೆ ಆಗಂಗಿಲ್ಲ. ಆಕಿ ಹೋದ್ಳು. ನನಗ ಇರಾವ ನೀ ಒಬ್ಬ."

"ಚಾಚಾ ಹೇಳಿದ್ದು ಖರೆ ಅದ."

"ಅವಗ ಏನಾಗ್ತದ? ನಾಕ ದಿನ ಕೂಡಸ್ತಾರ, ಬಿಡ್ತಾರ."

"ಬಿಡದಿದ್ರ?"

ಓಂಪ್ರಕಾಶ ಮೇಜಿನ ಮೇಲಿನ ಕಟ್ಟಿನಿಂದ ಎರಡು ಹಾಳೆ ಎಣಿಸಿ ತೆಗೆದು, ನಡುವೆ ಅದೇ ಕಾರ್ಬನ್ ಇಟ್ಟು, ತಮ್ಮನ ಮುಂದೆ ಒತ್ತಿಹಿಡಿದ. ಹೊರಗೆ ಸೈಫುದ್ದೀನ್ ಒಮ್ಮೆ ಕೆಮ್ಮಿ, ಕೆಮ್ಮಿದ್ದು ತಪ್ಪಾಯಿತೇನೋ ಎಂಬಂತೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ.

ಸತೀಶಕುಮಾರ ದಿನಾಂಕ ಬರೆದ. ಈ ಸಲ ವಾಕ್ಯಗಳು ಎಂಟಕ್ಕೆ ಮುಗಿದವು. ಅಕ್ಷರಗಳು ಮೊದಲಿನಷ್ಟೇ ದುಂಡಗಿದ್ದವು.

ಬಕ್ಕಪ್ಪ ಬಾಯಿ ಒರೆಸಿಕೊಳ್ಳುತ್ತ ಬಂದು, ನಿಂತೇ ಓದಿದ. "ಎಂಥಾ ಅಕ್ಷರ ರಿ! ಅಚ್ಚು ಹಾಕಿದಂಗ ಅದಾವ." ಬಾಗಿಲಿನ ಕಡೆ ತಿರುಗಿ ಕೇಳಿದ: "ತೊಳೀರಿ ಅಂತ ಹೇಳಿದ್ದೆ ಅಂತಿದ್ದಿ. ಇದರಾಗ ಹಂಗೇನೂ ಇಲ್ಲಲ್ಲೋ?" ಬಳಿಕ ಸತೀಶಕುಮಾರನನ್ನು ನೋಡಿದ. "ಹೇಳಿದ್ನೇನ್ರಿ?"

"ನೆನಪಿಲ್ರಿ," ಎಂದ ಸತೀಶಕುಮಾರ.

ಸೈಫುದ್ದೀನ್ ಟೋಪಿಯನ್ನು ಮೊಣಕಾಲಿನಿಂದ ಎತ್ತಿ ತಲೆಗೆ ಇಟ್ಟುಕೊಂಡ. ಪೇದೆಯೊಬ್ಬ ಬಂದು ತೋಳು ಮುಟ್ಟಿದಾಗ ತಾನಾಗಿಯೇ ಎದ್ದು, ಒಳಗಿನ ಕೋಣೆಯ ಕಡೆ ನಡೆದ.

ಅಣ್ಣ ದೂರಿನ ಕಾಗದಕ್ಕೆ ಸಹಿ ಹಾಕುತ್ತಿದ್ದಾಗ ಸತೀಶಕುಮಾರ ತನ್ನ ಪಾಲಿನ ಕಾರ್ಬನ್ ಪ್ರತಿಯನ್ನು ಹಿಡಿದು ಮೆಟ್ಟಿಲಿಗೆ ಬಂದ. ಬಿಸಿಲು ಕಣ್ಣಿಗೆ ಹೊಡೆಯಿತು. ಗೇಟಿನ ಹತ್ತಿರ ಬುರ್ಖಾ ತೊಟ್ಟ ಹೆಂಗಸೊಬ್ಬಳು ಊಟದ ಡಬ್ಬಿ ಹಿಡಿದು, ಒಳಗೆ ಬರಬೇಕೋ ಬೇಡವೋ ತಿಳಿಯದೆ ನಿಂತಿದ್ದಳು. ಅವನನ್ನು ಕಂಡು ಮುಖದ ಪರದೆ ಎತ್ತಿದಳು. ಮುನ್ನಿ ಬೀ.

"ಮಾಸ್ತರ್ ಸಾಬ್, ನೀವಿದ್ದೀರಿ, ಛಲೋ ಆಯ್ತು," ಎಂದಳು ಆಕೆ ಹತ್ತಿರ ಬಂದು. "ಅಮ್ಮಾಂದು ಸುದ್ದಿ ಕೇಳಿ ನನಗ ಊಟ ಸೇರಿಲ್ರಿ. ನನ್ನ ಕೈಯಾರೆ ಆ ಚೀಲ ಎತ್ತಿ ಕೊಟ್ಟೀನಿ. ತೊಳದದ್ದು ಒಯ್ರಿ ಅಂದಿದ್ದೆ. ಅಂದಿದ್ದೆ ಹೌದಿಲ್ರಿ?"

"ಹೌದು," ಎಂದ ಸತೀಶಕುಮಾರ.

"ಇವ್ರೂ ಹೇಳಿದ್ರು, ನನ್ನ ಮುಂದೇ." ಆಕೆಯ ಕಣ್ಣು ಅವನ ಕೈಯ ಹಾಳೆಯ ಮೇಲೆ ಬಿತ್ತು. "ಇದೇನ್ರಿ, ಕಾಗದ? ನೀವು ಬರ್ದದ್ದಾ?"

ಅವನು ಹೌದೆಂದು ತಲೆಯಾಡಿಸಿದ.

"ನನಗ ಉರ್ದು ಬರ್ತದ. ಇದು ಬರಂಗಿಲ್ಲ. ಸ್ವಲ್ಪ ಓದಿ ಹೇಳ್ರಿ, ಮೆಹರ್ಬಾನಿ ಆಗ್ತದ."

ಅವನು ಓದಿದ. ಒಂದು, ಎರಡು, ಮೂರು. ಅವನ ದನಿ ಸ್ಪಷ್ಟವಾಗಿತ್ತು. ವಿದ್ಯಾರ್ಥಿಗಳಿಗೆ ಪ್ರಯೋಗದ ಕ್ರಮ ಹೇಳುವಾಗಿನ ದನಿಯೇ ಅದು. ಐದರವರೆಗೆ ಹಾಳೆಯಲ್ಲಿ ಇದ್ದುದನ್ನೇ ಓದಿದ. ಆಮೇಲೆ ಕಣ್ಣನ್ನು ಹಾಳೆಯ ಮೇಲೆಯೇ ಇಟ್ಟು, ಅದೇ ವೇಗದಲ್ಲಿ, ತೊಳೆಯದ್ದನ್ನು ಕೇಳಿ ತಂದವನು ನಾನು ಎಂದ. ಎಲೆಯ ಮೇಲೆ ಕೀಟನಾಶಕ ಇರುವುದಾಗಿಯೂ ಚೆನ್ನಾಗಿ ತೊಳೆಯಬೇಕೆಂದೂ ಸೈಫುದ್ದೀನ್ ನನಗೆ ತಿಳಿಸಿದ್ದನು ಎಂದ. ತಾಯಿ ತೊಳೆಯಲು ಹೋದಾಗ ತೊಳೆಯಬಾರದೆಂದು ಹೇಳಿದವನು ನಾನು ಎಂದ. ಮತ್ತೆ ಹಾಳೆಯಲ್ಲಿ ಉಳಿದಿದ್ದ ಮೂರು ವಾಕ್ಯಗಳನ್ನು ಓದಿ ಮುಗಿಸಿದ.

ಮುನ್ನಿ ಬೀ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಅವು ತುಂಬಿದ್ದವು.

"ಅಲ್ಲಾ ನಿಮ್ಮನ್ನ ಛಲೋ ಇಡ್ಲಿ," ಎಂದಳು. "ನಮ್ಮ ಮಂದಿ ಹೇಳಿದ್ರು, ಅವ್ರು ಬರಿಯಂಗಿಲ್ಲ, ಯಾಕ ಬರೀತಾರ ಅಂತ. ನಾ ಅಂದೆ, ಆ ಮಾಸ್ತರ್ ಹಂಗಲ್ಲ, ಎಣಿಸಿ ಎಣಿಸಿ ಮಾತಾಡ್ತಾರ." ಆಕೆ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು, ಕೈಯನ್ನು ಬುರ್ಖಾಕ್ಕೆ ಒರೆಸಿಕೊಂಡಳು. "ಇವ್ರ ಮಾತು ಎಲ್ಲಿ ಅದ್ರಿ ಇದರಾಗ? ತೊಳೀರಿ ಅಂದದ್ದು? ಒಂದ್ಸಲ ತೋರಸ್ರಿ."

ಒಳಗಿನಿಂದ ಓಂಪ್ರಕಾಶ ತಮ್ಮನ ಹೆಸರು ಹಿಡಿದು ಕರೆದ. ಸತೀಶಕುಮಾರ ಹಾಳೆಯ ನಡುವಿನ ಒಂದು ಸಾಲನ್ನು ಉಗುರಿನಿಂದ ತೋರಿಸಿದ.

ಮುನ್ನಿ ಬೀ ಬಗ್ಗಿ ನೋಡಿದಳು. ಉರ್ದು ಓದುವ ರೂಢಿಯಲ್ಲಿ ತೋರುಬೆರಳನ್ನು ಆ ಸಾಲಿನ ಬಲತುದಿಗೆ ಇಟ್ಟು, ಒಂದೊಂದು ಅಕ್ಷರದ ಮೇಲೂ ನಿಲ್ಲುತ್ತ, ನಿಧಾನವಾಗಿ ಎಡಕ್ಕೆ ಸರಿಸುತ್ತ ಹೋದಳು. ಕಾರ್ಬನ್ನಿನ ನೀಲಿ ಆಕೆಯ ಬೆರಳಿಗೆ ಹತ್ತಿತು.